ಬಿದಿರು, ತಂತಿ, ಕಾಸಿದ ತೊಗಲು

ಬೀದರ್ ಎಂದ ಕೂಡಲೇ ಕರಿ ಹೂಜಿಯ ಮೇಲಿನ ಬೆಳ್ಳಿ ಬಳ್ಳಿ ಕಣ್ಣಿಗೆ ಕಟ್ಟುತ್ತದೆ. 2023ರಲ್ಲಿ ಬಿದ್ರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷದ ಪಟ್ಟಿಯಲ್ಲಿ ಕರ್ನಾಟಕದ ಇನ್ನೊಬ್ಬರಿದ್ದರು: ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ. ಆ ತಮಟೆಯ ಒಡಹುಟ್ಟು ನಮ್ಮ ಸೀಮೆಯ ಹಲಗೆ. ಬಿದ್ರಿಯ ಹೂಜಿಯನ್ನು ಅಂಗಡಿಯ ಗಾಜಿನ ಕಪಾಟಿನಲ್ಲಿಟ್ಟು ವರ್ಷವಿಡೀ ತೋರಿಸಬಹುದು. ಹಲಗೆಯನ್ನು, ಸಂಬಾಳವನ್ನು, ತುಂತುಣೆಯನ್ನು ಹಾಗೆ ತೋರಿಸಲಾಗದು. ಅವುಗಳಿಗೆ ಒಂದು ಹೊತ್ತು ಬೇಕು, ಕರೆಯುವವರು ಬೇಕು. ಬೀದರ್, ಭಾಲ್ಕಿ, ಔರಾದ್‌ಗಳ ವಾದ್ಯಗಳ ಪರಿಚಯವೆಂದರೆ ಆ ಹೊತ್ತುಗಳ ಪರಿಚಯವೂ ಹೌದು.

ಎಲ್ಲಕ್ಕಿಂತ ಸರಳವಾದದ್ದರಿಂದ ಶುರುಮಾಡೋಣ. ಯಾವ ಜಾತ್ರೆಗೆ ಹೋದರೂ ಉದ್ದನೆ ಕೋಲಿನ ತುದಿಗೆ ಬಿದಿರಿನ ಕೊಳಲುಗಳನ್ನು ಸಿಕ್ಕಿಸಿಕೊಂಡು ಊದುತ್ತ ತಿರುಗುವವನು ಕಾಣುತ್ತಾನೆ. ಅವನ ಬಳಿ ಎರಡು ಬಗೆಯ ಕೊಳಲುಗಳಿರುತ್ತವೆ. ಒಂದು ಅಡ್ಡ ಹಿಡಿದು ಊದುವಂಥದು. ಇನ್ನೊಂದನ್ನು ನೆಟ್ಟಗೆ ಬಾಯಿಗಿಟ್ಟು ಊದಬೇಕು. ಮಕ್ಕಳು ಕೊಳ್ಳುವುದು ಇದನ್ನೇ. ಇದನ್ನು ಕೈಯಲ್ಲಿ ಹಿಡಿದು ನೋಡಿ. ಬಾಯಿಗಿಡುವ ತುದಿಯಲ್ಲಿ ಒಂದು ಮರದ ಬೆಣೆ ಕೂತಿರುತ್ತದೆ. ಬೆಣೆಯ ಒಂದು ಮಗ್ಗುಲನ್ನು ತುಸು ಕೆತ್ತಿರುವುದರಿಂದ ಉಸಿರು ಹೋಗಲು ತೆಳ್ಳನೆಯ ಸಂದು ಉಳಿದಿರುತ್ತದೆ. ಒಂದು ಬೆರಳಿನಷ್ಟು ಕೆಳಗೆ ಚೌಕನೆಯ ಕಿಂಡಿ, ಕಿಂಡಿಯ ಕೆಳ ಅಂಚನ್ನು ಚಾಕುವಿನಿಂದ ಓರೆಯಾಗಿ ಹೆರೆದಿರುತ್ತಾರೆ. ಸಂದಿನಿಂದ ಬಂದ ಉಸಿರು ಆ ಅಂಚಿಗೆ ತಾಗಿ, ಒಮ್ಮೆ ಒಳಗೆ ಒಮ್ಮೆ ಹೊರಗೆ ಹೊಯ್ದಾಡಿ, ನಳಿಗೆಯೊಳಗಿನ ಗಾಳಿಯನ್ನು ನಡುಗಿಸುತ್ತದೆ. ಅದೇ ನಾದ. ಬೆರಳು ಎತ್ತಿದಷ್ಟೂ ಗಾಳಿಯ ಕಂಬ ಗಿಡ್ಡವಾಗಿ ಸ್ವರ ಮೇಲೇರುತ್ತದೆ. ತೂತುಗಳನ್ನು ಕೊರೆಯುವುದು ಕೆಂಪಗೆ ಕಾಯ್ದ ಕಬ್ಬಿಣದ ಸಲಾಕೆಯಿಂದ; ಸುಟ್ಟ ಕರಿ ಅಂಚು ಕೊನೆವರೆಗೂ ಉಳಿದಿರುತ್ತದೆ.

ಪಶ್ಚಿಮದವರು ರೆಕಾರ್ಡರ್ ಎಂದು ಕರೆಯುವ ವಾದ್ಯ ಇದರ ಹತ್ತಿರದ ನೆಂಟ. ಅಲ್ಲೂ ಇದೇ ಬೆಣೆ, ಇದೇ ಓರೆ ಅಂಚು. ಮುಂದೆ ಏಳು ತೂತು, ಹಿಂದೆ ಹೆಬ್ಬೆರಳಿಗೆ ಒಂದು. ಆ ಹಿಂದಿನ ತೂತನ್ನು ಅರ್ಧ ಮುಚ್ಚಿದರೆ ಮೇಲಿನ ಸಪ್ತಕ ಸಲೀಸಾಗಿ ಬರುತ್ತದೆ. ಯುರೋಪಿನಲ್ಲಿ 14ನೇ ಶತಮಾನದ ರೆಕಾರ್ಡರ್‌ಗಳು ಸಿಕ್ಕಿವೆ. 1535ರಲ್ಲಿ ವೆನಿಸ್ಸಿನ ಸಿಲ್ವೆಸ್ಟ್ರೊ ಗನಾಸ್ಸಿ ಅದನ್ನು ನುಡಿಸುವ ಬಗೆಗೆ ಪುಸ್ತಕವನ್ನೇ ಅಚ್ಚು ಹಾಕಿಸಿದ. ಆಗ ಬೀದರಿನಲ್ಲಿ ಬರೀದ್ ಶಾಹಿಗಳ ಆಳ್ವಿಕೆ. 1547ರಲ್ಲಿ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ ತೀರಿಕೊಂಡಾಗ ಅರಮನೆಯ ಸಾಮಾನು ಪಟ್ಟಿಯಲ್ಲಿ 76 ರೆಕಾರ್ಡರ್‌ಗಳಿದ್ದವು. ಆಮೇಲೆ ಆರ್ಕೆಸ್ಟ್ರಾದ ಅಬ್ಬರದಲ್ಲಿ ಈ ಮೆಲುದನಿ ಮೂಲೆಗೆ ಸೇರಿತು. 20ನೇ ಶತಮಾನದ ಮೊದಲ ದಶಕಗಳಲ್ಲಿ ಅರ್ನಾಲ್ಡ್ ಡೋಲ್ಮೆಚ್ ಎಂಬ ಕುಶಲಿ ಹಳೆಯ ಮಾದರಿಗಳನ್ನು ಅಳೆದು ಮತ್ತೆ ಮಾಡತೊಡಗಿದ ಮೇಲೆ ಅದು ಶಾಲೆಶಾಲೆಗೂ ಹೋಯಿತು. ರಾಜರ ಕೈಯಿಂದ ಮಕ್ಕಳ ಕೈಗೆ ಬಂದದ್ದು ಅದರ ಭಾಗ್ಯವೆಂದೇ ನಾನು ತಿಳಿಯುತ್ತೇನೆ.

ಬೆಣೆಯ ಕೊಳಲು ಮಕ್ಕಳಿಗೆ ಒಗ್ಗುವುದಕ್ಕೆ ಕಾರಣ ಸ್ಪಷ್ಟ. ಅಡ್ಡ ಕೊಳಲಿನಲ್ಲಿ ಉಸಿರನ್ನು ಅಂಚಿಗೆ ಗುರಿಯಿಡುವ ಕೆಲಸ ತುಟಿಯದು. ಅದು ಪಳಗಲು ತಿಂಗಳುಗಳೇ ಬೇಕು. ಇಲ್ಲಿ ಆ ಕೆಲಸವನ್ನು ಬೆಣೆಯೇ ಮಾಡಿಕೊಡುತ್ತದೆ, ಮೊದಲ ಉಸಿರಿಗೇ ದನಿ ಬರುತ್ತದೆ. ಆದರೆ ಜೋರಾಗಿ ಊದಿದರೆ ಸ್ವರ ಏರುತ್ತದೆ, ಮೆಲ್ಲಗೆ ಊದಿದರೆ ಇಳಿಯುತ್ತದೆ. ಅದನ್ನು ಸರಿದೂಗಿಸಲು ತುಟಿಗೆ ಅವಕಾಶವಿಲ್ಲ. ಇದರ ಜೊತೆಗೆ ನಮ್ಮ ಬಿಸಿಲೂ ಇದೆ. 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ನಾದ ಸೆಕೆಂಡಿಗೆ 343 ಮೀಟರ್ ಓಡಿದರೆ 40 ಡಿಗ್ರಿಯಲ್ಲಿ ಸುಮಾರು 355 ಮೀಟರ್. ಉಸಿರಿನ ಬಿಸಿ ಈ ಅಂತರವನ್ನು ತುಸು ತಗ್ಗಿಸಿದರೂ ಚಳಿಗಾಲದ ಬೆಳಗಿನಲ್ಲಿ ಕೂಡಿಸಿಟ್ಟ ಕೊಳಲು ಬೇಸಿಗೆಯ ಮಧ್ಯಾಹ್ನಕ್ಕೆ ಮೇಲೇರಿರುತ್ತದೆ. ಉಕ್ಕಿನ ತಂತಿ ಅದೇ ಬಿಸಿಲಿಗೆ ಹಿಗ್ಗಿ ಸಡಿಲಾಗಿ ಕೆಳಗಿಳಿಯುತ್ತದೆ. ಬಯಲಿನಲ್ಲಿ ಹಾಡುವ ಮೇಳದವರು ಪದಪದಕ್ಕೂ ಬಿರಡೆ ತಿರುವುವುದು ಸುಮ್ಮನೆ ಅಲ್ಲ.

ಆ ತಂತಿಯನ್ನು ಕೇಳಲು ಭಾಲ್ಕಿ ತಾಲೂಕಿನ ಖಾನಾಪುರಕ್ಕೆ ಹೋಗಬೇಕು. ಅಲ್ಲಿರುವುದು ಮೈಲಾರ ಮಲ್ಲಣ್ಣ, ಮರಾಠಿ ಭಕ್ತರಿಗೆ ಖಂಡೋಬಾ. ಹೂವಿನಹಡಗಲಿಯ ಕಡೆಯ ಮೈಲಾರಲಿಂಗನ ಗೊರವರು ಡಮರು ಬಾರಿಸುತ್ತ ಪಿಳ್ಳಂಗೋವಿ ಊದುತ್ತಾರೆ. ದೇವರು ಒಬ್ಬನೇ ಆದರೂ ನಮ್ಮ ಕಡೆ ಅವನ ಪದ ಹಾಡುವ ವಗ್ಗೆಗಳ ಕೈಯಲ್ಲಿ ಇರುವುದು ದಿಮಡಿ, ಗಂಟೆ, ತುಂತುಣೆ. ತುಂತುಣೆ ನೋಡಲು ಏನೂ ಅಲ್ಲ: ಒಂದು ಪುಟ್ಟ ಮರದ ಡಬ್ಬಿ, ಅದರ ತಳಕ್ಕೆ ತೊಗಲು, ಮಗ್ಗುಲಿಗೆ ಬಡಿದ ಕೋಲು. ತೊಗಲಿನ ನಡುವಿನಿಂದ ಹೊರಟ ಒಂಟಿ ತಂತಿ ಕೋಲಿನ ತುದಿಯ ಬಿರಡೆಗೆ ಬಿಗಿದಿರುತ್ತದೆ. ಮೀಟಿದರೆ ತಂತಿ ತೊಗಲನ್ನೇ ಜಗ್ಗುತ್ತದೆ. ಹಾಗಾಗಿ ಅದು ಶ್ರುತಿಯೂ ಹೌದು, ತಾಳವೂ ಹೌದು. ಹಾಡುವವನ ದನಿಗೆ ನೆಲ ಹಾಕಿಕೊಡಲು ಅಷ್ಟು ಸಾಕು. ಈ ಪರಂಪರೆಯ ಇನ್ನೊಂದು ಮಗ್ಗುಲನ್ನು ಮುಚ್ಚಿಡಬಾರದು. ಹೆಣ್ಣುಮಕ್ಕಳನ್ನು ಮುರಳಿಯೆಂದು ದೇವರಿಗೆ ಬಿಡುವ ರೂಢಿ ಅದರ ಜೊತೆಗೇ ಬಂತು. ದೇವರಿಗೆ ಹೆಣ್ಣುಮಕ್ಕಳನ್ನು ಬಿಡುವುದನ್ನು ರಾಜ್ಯದ 1982ರ ಕಾಯ್ದೆ ನಿಷೇಧಿಸಿದೆ. ಹಾಡು ಉಳಿಯಲಿ, ಆ ರೂಢಿ ಉಳಿಯಬೇಕಾಗಿಲ್ಲ.

ಗೊಂದಲಿಗರದು ಬೇರೆ ಹೊತ್ತು. ತುಳಜಾಪುರದ ಭವಾನಿಯ ಒಕ್ಕಲಿನ ಮನೆಗಳಲ್ಲಿ ಮದುವೆ ಮುಗಿದ ಮೇಲೆ ರಾತ್ರಿ ಗೊಂದಲ ಹಾಕಿಸುತ್ತಾರೆ. ದೀವಟಿಗೆ ಹೊತ್ತಿಸಿ, ದೇವಿಯನ್ನು ಕರೆದು, ಕಥೆ ಶುರುವಾದರೆ ಬೆಳಗಾಗುವುದೇ. ಕಥೆಯ ಬೆನ್ನಿಗೆ ನಿಲ್ಲುವುದು ಸಂಬಾಳ. ಜೊತೆಯಾಗಿ ಕಟ್ಟಿದ ಎರಡು ಚರ್ಮವಾದ್ಯ, ಒಂದು ಹಿರಿದು, ಒಂದು ಕಿರಿದು, ಸೊಂಟಕ್ಕೆ ಬಿಗಿದಿರುತ್ತದೆ. ಕಿರಿದರ ಮೇಲೆ ನೆಟ್ಟನೆಯ ಕಡ್ಡಿ ಟಣಟಣ ಕುಣಿಯುತ್ತದೆ. ಹಿರಿದರ ಮೇಲೆ ತುದಿ ಬಾಗಿದ ಕಡ್ಡಿ. ಅದು ಹೊಡೆಯುವುದೂ ಉಂಟು, ತೊಗಲಿಗೆ ಒತ್ತಿ ಉಜ್ಜುವುದೂ ಉಂಟು. ಉಜ್ಜಿದಾಗ ಹೊರಡುವ ಗುಂಯ್‌ ಎಂಬ ದನಿ ತುಂಬಿದ ಹೊಟ್ಟೆಯ ಎಮ್ಮೆ ಕೂಗಿದಂತೆ ಎದೆಗೆ ತಾಗುತ್ತದೆ. 2025ರಲ್ಲಿ ಬಾಗಲಕೋಟೆಯ ಗೊಂದಲಿ ಹಾಡುಗಾರ ವೆಂಕಪ್ಪ ಅಂಬಾಜಿ ಸುಗತೇಕರ್ ಅವರಿಗೆ ಪದ್ಮಶ್ರೀ ಬಂದದ್ದರಿಂದ ಈ ಕಲೆಯ ಹೆಸರು ರಾಜ್ಯದ ಉಳಿದ ಭಾಗಗಳಿಗೂ ತಲುಪಿತು.

ಸಂಬಾಳದ ಮೇಳ ಕನ್ನಡದಲ್ಲಿ ಶುರುಮಾಡಿ ಮರಾಠಿಗೆ ಹೊರಳಿದರೆ ಔರಾದಿನಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದಾಗ ಹಳೆಯ ಬೀದರ್ ಜಿಲ್ಲೆಯ ಉದಗೀರ, ನಿಲಂಗಾ, ಅಹ್ಮದಪುರಗಳು ಮುಂಬೈ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡಗಳು ಆಂಧ್ರಕ್ಕೆ ಹೋದವು; ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರಿಗೆ ಬಂದವು. ಒಕ್ಕಲು, ಬೀಗತನ, ಜಾತ್ರೆಗಳು ಹಾಗೆ ಒಡೆಯಲಿಲ್ಲ; ಮೇಳದವರ ದಾರಿಯೂ ಒಡೆಯಲಿಲ್ಲ. ಔರಾದಿನ ತಾಂಡಾಗಳಿಗೆ ಹೋದರೆ ಲಂಬಾಣಿಗರ ನಗಾರಿ ಮತ್ತು ಕಂಚಿನ ಥಾಳಿ; ಹೋಳಿ ಹತ್ತಿರವಾದರೆ ಲೇಂಗಿ ಹಾಡುಗಳು.

ಬೀದರ್ ನಗರದಲ್ಲಿ ಇನ್ನೂ ಬೇರೆ ದನಿಗಳಿವೆ. ಗುರುನಾನಕರು ಇಲ್ಲಿಗೆ ಬಂದು ಝರಾ ಚಿಮ್ಮಿಸಿದರೆಂಬ ನಂಬಿಕೆಯ ನಾನಕ್ ಝೀರಾ ಗುರುದ್ವಾರದಲ್ಲಿ ಕೀರ್ತನೆಗೆ ಈಗ ಹಾರ್ಮೋನಿಯಂ, ತಬಲ. ನಾನಕರ ಪಯಣದ ಜೊತೆಗಾರ ಮರ್ದಾನಾ ನುಡಿಸುತ್ತಿದ್ದದ್ದು ರಬಾಬ್. ಊರಾಚೆಯ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗೋರಿಯಿದೆ. ಲಿಂಗಾಯತ ಭಕ್ತರಿಗೆ ಅವನು ಅಲ್ಲಮಪ್ರಭು. ಹೋಳಿಯ ನಂತರದ ಉರುಸಿಗೆ ಮಡಿಯಾಳದಿಂದ ಜಂಗಮರು ನಡೆದು ಬರುತ್ತಾರೆ, ಸುಲ್ತಾನನ ಗೋರಿಯ ಮುಂದೆ ಶಂಖ ಊದುತ್ತಾರೆ. ಶಂಖಕ್ಕೆ ತೂತಿಲ್ಲ, ಬೆಣೆಯಿಲ್ಲ. ನಡುಗುವುದು ಊದುವವರ ತುಟಿಯೇ.

ಹಲಗೆಯನ್ನು ಕೊನೆಗೆ ಇಟ್ಟುಕೊಂಡದ್ದು ಅದರ ಬಗ್ಗೆ ಹೇಳುವುದು ಹೆಚ್ಚಿರುವುದರಿಂದ. ವೃತ್ತಾಕಾರದ ಚೌಕಟ್ಟಿಗೆ ಒಂದೇ ಮಗ್ಗುಲು ತೊಗಲು. ಎಡಗೈಯಲ್ಲಿ ತೆಳ್ಳನೆಯ ಉದ್ದ ಕಡ್ಡಿ, ಬಲಗೈಯಲ್ಲಿ ದಪ್ಪನೆಯ ಮೊಂಡು ಕೋಲು. ಬಾರಿಸುವ ಮೊದಲು ಹುಲ್ಲು, ಕಾಗದ, ಸಿಕ್ಕಿದ್ದನ್ನು ಸೇರಿಸಿ ಬೆಂಕಿ ಹಾಕುತ್ತಾರೆ. ಹಲಗೆಯನ್ನು ಬೆಂಕಿಗೆ ಹಿಡಿದು ತಿರುವುತ್ತ, ನಡುನಡುವೆ ಬೆರಳಿಂದ ತಟ್ಟಿ ಕಿವಿಗೊಡುತ್ತಾರೆ. ತೇವ ಆರಿದಂತೆ ತೊಗಲು ಬಿಗಿಯಾಗಿ ದಬದಬ ಎನ್ನುತ್ತಿದ್ದದ್ದು ಠಣ್‌ ಎನ್ನುತ್ತದೆ. ಹೆಚ್ಚು ಕಾಸಿದರೆ ತೊಗಲು ಸೀಳುತ್ತದೆ, ಕಡಿಮೆಯಾದರೆ ಎರಡನೇ ಪೆಟ್ಟಿಗೇ ಸಡಿಲ. ಮಳೆಗಾಲದಲ್ಲಿ ಈ ಕೆಲಸ ಮುಗಿಯುವುದೇ ಇಲ್ಲ. ಈಗ ಕಬ್ಬಿಣದ ಬಳೆಗೆ ಫೈಬರ್ ಹಾಳೆ ಬಿಗಿದ ಹಲಗೆಗಳು ಬಂದಿವೆ. ಮಳೆಗೆ ಹೆದರುವುದಿಲ್ಲ, ಬೆಂಕಿ ಕೇಳುವುದಿಲ್ಲ. ಆದರೆ ಅದರ ದನಿಯಲ್ಲಿ ಮೊನಚು ಮಾತ್ರ ಇದೆ. ಕಾಸಿದ ತೊಗಲಿನ ತಳದ ಗುಮ್ಮು ಇಲ್ಲ.

ಹಬ್ಬಕ್ಕೂ ಹಲಗೆ, ಹೆಣಕ್ಕೂ ಹಲಗೆ, ಡಂಗುರಕ್ಕೂ ಹಲಗೆ. ಬಾರಿಸುವ ಕೆಲಸವನ್ನು ಮಾತ್ರ ದಲಿತ ಕೇರಿಗಳ ಮೇಲೆ ಹೇರಲಾಯಿತು. ಕೂಲಿಯಾಗಿ ಸಿಕ್ಕದ್ದು ಕಾಳು, ಉಳಿದ ರೊಟ್ಟಿ. ಅಂಬೇಡ್ಕರರ ದಾರಿ ಹಿಡಿದ ಅನೇಕರು ಇನ್ನು ಬಾರಿಸುವುದಿಲ್ಲ ಎಂದು ಹಲಗೆ ಕೆಳಗಿಟ್ಟರು. ಅವರು ಮಾಡಿದ್ದು ಸರಿ. ‘ಜಾನಪದ ಕಲೆ ನಶಿಸುತ್ತಿದೆ’ ಎಂದು ಸಭೆಗಳಲ್ಲಿ ಮರುಗುವವರು ಮೊದಲು ಇದನ್ನು ಒಪ್ಪಿಕೊಳ್ಳಬೇಕು. ಇನ್ನು ಕೆಲವರು ಅದೇ ಹಲಗೆಯನ್ನು ಮೆರವಣಿಗೆಯ ಮುಂದೆ, ಹೋರಾಟದ ಹಾಡಿಗೆ, ವೇದಿಕೆಯ ಮೇಲೆ ತಾವಾಗಿಯೇ ಎತ್ತಿಕೊಂಡರು. ಅದೂ ಸರಿ. ಹನ್ನೆರಡನೇ ಶತಮಾನದಲ್ಲಿ ಇದೇ ಜಿಲ್ಲೆಯ ಕಲ್ಯಾಣದಲ್ಲಿ, ಮಾರಿಯನ್ನು ತಲೆಯ ಮೇಲೆ ಹೊತ್ತು ಢಕ್ಕೆ ಬಾರಿಸುತ್ತಿದ್ದ ಬೊಮ್ಮಣ್ಣ ಆ ಕಾಯಕವನ್ನೇ ಹೆಸರಾಗಿಸಿಕೊಂಡು ಢಕ್ಕೆಯ ಬೊಮ್ಮಣ್ಣನಾಗಿ ಶರಣರ ನಡುವೆ ಕೂತ, ವಚನ ಬರೆದ. ಅಕ್ಕಸಾಲಿಯಾಗಿದ್ದ ಬೊಮ್ಮಯ್ಯ ಕಿನ್ನರಿ ಹಿಡಿದು ಕಿನ್ನರಿ ಬೊಮ್ಮಯ್ಯನಾದ. ನುಡಿಸುವವನಿಗೆ ಅಂಥ ಸಮಪಂಕ್ತಿಯ ಸ್ಥಾನ ಸಿಗುವ ಕಡೆ ವಾದ್ಯ ಮುಂದಿನ ತಲೆಮಾರಿಗೆ ದಾಟೀತು.

ಕೇಳಬೇಕೆಂದು ಮನಸ್ಸಾದವರಿಗೆ ಎರಡು ಸೂಚನೆ. ಮಾರ್ಗಶಿರದ ಚಂಪಾ ಷಷ್ಠಿ ಮಲ್ಲಣ್ಣನ ದೊಡ್ಡ ಹಬ್ಬ. ಖಾನಾಪುರಕ್ಕೆ ಹೋದಾಗ ಧ್ವನಿವರ್ಧಕದಿಂದ ದೂರ, ವಗ್ಗೆಗಳು ಕೂತು ಹಾಡುವ ಮಗ್ಗುಲಿಗೆ ನಡೆಯಿರಿ. ಮಹಾಶಿವರಾತ್ರಿಗೆ ಔರಾದಿನ ಅಮರೇಶ್ವರ ಜಾತ್ರೆಯಿದೆ. ಅಲ್ಲಿ ಮಗುವಿಗೆ ಪ್ಲಾಸ್ಟಿಕ್ ಪೀಪಿಯ ಬದಲು ಬಿದಿರಿನದೇ ಕೊಡಿಸಿ. ಕೊಳ್ಳುವಾಗ ಬೆಣೆ ಅಲುಗಾಡುತ್ತದೆಯೇ, ಓರೆ ಅಂಚು ಚೂಪಾಗಿದೆಯೇ ನೋಡಿ; ಎಲ್ಲ ತೂತು ಮುಚ್ಚಿ ಮೆಲ್ಲಗೆ ಊದಿಸಿ. ತಳದ ಸ್ವರ ಒಡೆಯದೆ ನಿಂತರೆ ಕೊಳಲು ಒಳ್ಳೆಯದು.