ಸಮುದ್ರತಳದ ಗುಟ್ಟು ಹೇಳುವ ಪ್ರತಿಧ್ವನಿ

ಹಡಗಿನಿಂದ ಹೊರಟ ಶಬ್ದಸ್ಪಂದವು ಸಮುದ್ರತಳಕ್ಕೆ ತಾಗಿ ಹಿಂದಿರುಗಲು 0.08 ಸೆಕೆಂಡ್ ಹಿಡಿಯಿತೆನ್ನಿ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಹಾಗಾದರೆ ಅಲ್ಲಿನ ಆಳ 60 ಮೀಟರ್. ಇಷ್ಟು ಲೆಕ್ಕ ನಿಮಗೆ ಗೊತ್ತು. ಆದರೆ ತಳದಲ್ಲಿರುವುದು ಕೆಸರೇ, ಮರಳೇ, ಬಂಡೆಯೇ? ಕೇಬಲ್ ಹಾಸುವವರಿಗೂ ಬಲೆ ಎಳೆಯುವ ಮೀನುಗಾರರಿಗೂ ಇದು ತಿಳಿದಿರಬೇಕು. ಇದರ ಸುಳಿವು ಇರುವುದು ಪ್ರತಿಧ್ವನಿಯ ತೀವ್ರತೆಯಲ್ಲಿ.

ತರಗತಿಯಲ್ಲೇ ಒಂದು ಪ್ರಯೋಗ ಮಾಡಿ. ಕೋಣೆಯನ್ನು ಕತ್ತಲು ಮಾಡಿ, ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು, ಕನ್ನಡಿಯ ಮೇಲೆ ಬೆಳಕನ್ನು ಓರೆಯಾಗಿ ಬಿಡಿ. ಬೆಳಕು ಆಚೆ ಬದಿಗೆ ಪ್ರತಿಫಲಿಸುವುದರಿಂದ ಕನ್ನಡಿ ಕಪ್ಪಾಗಿ ಕಾಣುತ್ತದೆ. ಅದೇ ಬೆಳಕನ್ನು ಸುಣ್ಣ ಬಳಿದ ಗೋಡೆಯ ಮೇಲೆ ಬಿಟ್ಟರೆ ಗೋಡೆ ಬೆಳಗುತ್ತದೆ. ಒರಟು ಮೇಲ್ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚದರಿಸುತ್ತದೆ. ಅದರಲ್ಲಿ ಒಂದು ಪಾಲು ನಿಮ್ಮ ಕಣ್ಣಿಗೆ ಮರಳುತ್ತದೆ. ಶಬ್ದದ ವರ್ತನೆಯೂ ಹೀಗೆಯೇ.

ಯಾವುದು ಒರಟು ಎಂಬುದನ್ನು ತರಂಗದೂರ ನಿರ್ಧರಿಸುತ್ತದೆ. 95 ಕಿಲೋಹರ್ಟ್ಸ್ ಆವೃತ್ತಿಯ ಶಬ್ದದ ತರಂಗದೂರ ನೀರಿನಲ್ಲಿ ಸುಮಾರು 1.6 ಸೆಂಟಿಮೀಟರ್. ಸೆಂಟಿಮೀಟರ್ ಗಾತ್ರದ ಮರಳಿನ ಏರಿಳಿತಗಳು, ಚಿಪ್ಪುಗಳು ಈ ಶಬ್ದಕ್ಕೆ ಒರಟು. ನುಣುಪಾದ ಕೆಸರು ಬಹುಮಟ್ಟಿಗೆ ಕನ್ನಡಿಯಂತೆ. ಇನ್ನೊಂದು ಕಾರಣವೂ ಇದೆ. ಸಾಂದ್ರತೆ ಮತ್ತು ಶಬ್ದವೇಗಗಳ ಗುಣಲಬ್ಧದಲ್ಲಿ ಮೆತ್ತನೆಯ ಕೆಸರಿಗೂ ನೀರಿಗೂ ಹೆಚ್ಚು ಅಂತರವಿಲ್ಲ. ಹಾಗಾಗಿ ಶಬ್ದದ ಬಹುಪಾಲು ಕೆಸರಿನೊಳಕ್ಕೆ ಇಳಿದುಬಿಡುತ್ತದೆ.

ಬಹುಕಿರಣ ಸೋನಾರ್ ಹಡಗಿನ ಎರಡೂ ಬದಿಗೆ ಬೀಸಣಿಗೆಯಂತೆ ಶಬ್ದವನ್ನು ಹರಡುತ್ತದೆ. ನೇರ ಕೆಳಗಿನಿಂದ ಬರುವ ಪ್ರತಿಧ್ವನಿ ಪ್ರಬಲ, ಓರೆಯಾಗಿ ಬರುವುದು ದುರ್ಬಲ. ಈ ಕೋನದ ಪರಿಣಾಮವನ್ನೂ, ದೂರ ಹೆಚ್ಚಿದಂತೆ ಆಗುವ ನಷ್ಟವನ್ನೂ ಸರಿದೂಗಿಸಿದ ಮೇಲಷ್ಟೇ ಚದರಿಕೆಯ ನಕ್ಷೆ ನಂಬಲರ್ಹ.

ನಮ್ಮ ಕರಾವಳಿಯನ್ನೇ ನೋಡಿ. ದಡದಿಂದ ಸುಮಾರು 50 ಮೀಟರ್ ಆಳದವರೆಗೆ ಹೆಚ್ಚಾಗಿ ನದಿಗಳು ತಂದ ಕೆಸರು. ಅದರಾಚೆ, ಹಿಮಯುಗದಲ್ಲಿ ಸಮುದ್ರಮಟ್ಟ ತಗ್ಗಿದ್ದಾಗ ಸಂಚಯವಾದ ಹಳೆಯ ಮರಳು. ಮೊದಲನೆಯದು ನಕ್ಷೆಯಲ್ಲಿ ಮಂಕಾಗಿ, ಎರಡನೆಯದು ಉಜ್ವಲವಾಗಿ ಕಾಣಬೇಕು. 1966ರಲ್ಲಿ ಸ್ಥಾಪನೆಯಾದ, ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಪಶ್ಚಿಮ ಕರಾವಳಿಯಾಚೆ ಇಂಥ ಸಮೀಕ್ಷೆಗಳನ್ನು ನಡೆಸಿದೆ.

ಆದರೆ ಎಚ್ಚರ! ಕೆಸರಿನಲ್ಲಿ ಮೀಥೇನ್ ಗುಳ್ಳೆಗಳು ಸಿಕ್ಕಿಕೊಂಡಿದ್ದರೆ, ಕೆಸರೂ ಪ್ರಬಲ ಪ್ರತಿಧ್ವನಿ ಕೊಡಬಲ್ಲದು. ಪಶ್ಚಿಮ ಕರಾವಳಿಯಲ್ಲಿ ಇಂಥ ಅನಿಲಭರಿತ ಕೆಸರು ಇದೆ. ಆದ್ದರಿಂದ ಆಯ್ದ ಜಾಗಗಳಲ್ಲಿ ತಳದ ಮಣ್ಣನ್ನು ಮೇಲೆತ್ತಿ ಪರೀಕ್ಷಿಸಲೇಬೇಕು. ಎಲ್ಲಿ ವ್ಯತ್ಯಾಸವಿದೆ ಎಂದು ಶಬ್ದ ತೋರಿಸುತ್ತದೆ. ಅದು ಏನೆಂದು ಖಚಿತಪಡಿಸುವುದು ಹಿಡಿ ಮಣ್ಣು.