ತೆಕ್ಕಟ್ಟೆಯಲ್ಲಿ ಕೂತು ಫ್ಯಾಂಟಸಿ ಬರೆದರೆ ಗುರುತಿಸೋರು ಯಾರು?

ಇವತ್ತಿನ ಸಂಚಿಕೆಗೆ ಒಂದು ಊಹೆಯಿಂದ ಶುರು ಮಾಡೋಣ. ತೆಕ್ಕಟ್ಟೆಯಲ್ಲೋ ಕುಂಭಾಶಿಯಲ್ಲೋ ಇರುವ ಒಬ್ಬ ಹುಡುಗಿ ಹಗಲಿನ ಕೆಲಸ ಮುಗಿಸಿ, ರಾತ್ರಿ ಊಟ ಆದಮೇಲೆ ಕೂತು ಕನ್ನಡದಲ್ಲಿ ಕಾದಂಬರಿ ಬರೀತಾಳೆ ಅಂತಿಟ್ಟುಕೊಳ್ಳಿ. ಕಥೆ ನಡೆಯೋದು ಭೂಪಟದಲ್ಲಿ ಇಲ್ಲದ ಒಂದು ರಾಜ್ಯದಲ್ಲಿ. ಅಲ್ಲಿ ಕಡಲು ಮಾತಾಡುತ್ತೆ, ಸತ್ತವರು ವರ್ಷಕ್ಕೊಮ್ಮೆ ಊಟಕ್ಕೆ ಬರ್ತಾರೆ. ಬರೆದು ಮುಗಿಸಿದ ಮೇಲೆ ಮುಂದೇನು? ಪ್ರಕಾಶಕರು "ಇದು ಮಕ್ಕಳ ಪುಸ್ತಕವಾ?" ಅಂತ ಕೇಳಬಹುದು. ಮನೆಯವರು "ಇದೆಲ್ಲ ಎಂತಕ್ಕೆ ಮಾರಾಯ್ತಿ?" ಅನ್ನಬಹುದು. ಪ್ರಶಸ್ತಿಗೆ ಕಳಿಸೋಣ ಅಂದ್ರೆ ಯಾವ ವಿಭಾಗಕ್ಕೆ?

ಹೊರಗಿನ ಜಗತ್ತಿನಲ್ಲಿ ಇಂಥ ಬರಹಕ್ಕೆ ತನ್ನದೇ ಪ್ರಶಸ್ತಿಗಳಿವೆ. ಅವು ಹ್ಯಾಗೆ ಕೆಲಸ ಮಾಡ್ತವೆ, ನಮ್ಮಲ್ಲಿ ಇರೋದೇನು, ಇಲ್ಲದ್ದೇನು, ಇದರಿಂದ ಬರೆಯುವವರ ದಿನನಿತ್ಯಕ್ಕೆ ಏನು ವ್ಯತ್ಯಾಸ ಆಗುತ್ತೆ ಅಂತ ನೋಡೋಣ.

ಓಟು ಹಾಕೋದು ಯಾರು?

ಮೊದಲು ಹ್ಯೂಗೋ ಪ್ರಶಸ್ತಿ. 1953ರಲ್ಲಿ ಶುರುವಾದದ್ದು. ವೈಜ್ಞಾನಿಕ ಕಥೆ, ಫ್ಯಾಂಟಸಿ ಎರಡಕ್ಕೂ ಕೊಡ್ತಾರೆ. ವಿಶೇಷ ಏನಂದ್ರೆ ಇದನ್ನು ನಿರ್ಧರಿಸೋದು ವಿದ್ವಾಂಸರ ಸಮಿತಿ ಅಲ್ಲ, ಓದುಗರು. ವರ್ಲ್ಡ್‌ಕಾನ್ ಎಂಬ ವಾರ್ಷಿಕ ಸಮ್ಮೇಳನಕ್ಕೆ ಶುಲ್ಕ ಕಟ್ಟಿ ಸದಸ್ಯರಾದವರು ಪುಸ್ತಕಗಳನ್ನು ಸೂಚಿಸ್ತಾರೆ, ಆಮೇಲೆ ಮೊದಲು, ಎರಡನೇದು ಅಂತ ಕ್ರಮ ಹಾಕಿ ಮತ ಹಾಕ್ತಾರೆ. "ಯಾರಿಗೂ ಬೇಡ" ಅಂತ ಮತ ಹಾಕುವ ಅವಕಾಶವೂ ಇದೆ. ಗೆದ್ದವರಿಗೆ ಸಿಗೋದು ರಾಕೆಟ್ ಆಕಾರದ ಒಂದು ಸ್ಮರಣಿಕೆ. ದುಡ್ಡು ಇಲ್ಲ.

ನೆಬ್ಯುಲಾ ಪ್ರಶಸ್ತಿಯನ್ನು ಲೇಖಕರೇ ತಮ್ಮ ಸಂಘದ ಮೂಲಕ ಲೇಖಕರಿಗೆ ಕೊಡ್ತಾರೆ. 1975ರಲ್ಲಿ ಶುರುವಾದ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿಯಲ್ಲಿ ಕೊನೆಯ ಮಾತು ತೀರ್ಪುಗಾರರದ್ದು. ಅಂದ್ರೆ ಓದುಗರು, ಸಹ ಲೇಖಕರು, ತೀರ್ಪುಗಾರರು, ಹೀಗೆ ಮೂರು ದಾರಿ. ಒಂದರಲ್ಲಿ ಬಿಟ್ಟುಹೋದ ಪುಸ್ತಕ ಇನ್ನೊಂದರಲ್ಲಿ ಕಣ್ಣಿಗೆ ಬೀಳುತ್ತೆ. 2023ರಲ್ಲಿ ಚೀನಾದ ಚೆಂಗ್ಡುವಿನಲ್ಲಿ ಸಮ್ಮೇಳನ ನಡೆದಾಗ ಆರ್. ಎಫ್. ಕುವಾಂಗ್ ಅವರ 'ಬೇಬಲ್' ಕಾದಂಬರಿಯನ್ನು ಸರಿಯಾದ ಕಾರಣ ಕೊಡದೆ ಹ್ಯೂಗೋ ಪಟ್ಟಿಯಿಂದ ಕೈಬಿಟ್ಟಿದ್ದರು. ದೊಡ್ಡ ಗಲಾಟೆ ಆಯ್ತು. ಅದೇ ಪುಸ್ತಕಕ್ಕೆ ನೆಬ್ಯುಲಾ ಬಂದಿತ್ತು.

ದಿನಕ್ಕೆ ನಾಲ್ಕು ನೂರು ಪದ

ಪ್ರಶಸ್ತಿ ಒಂದು ಸಂಜೆಯ ವಿಷಯ. ಉಳಿದ ದಿನಗಳ ಕಥೆ ಬೇರೆ. ಟೆರ್ರಿ ಪ್ರಾಚೆಟ್ ಇಂಗ್ಲೆಂಡಿನಲ್ಲಿ ಅಣು ವಿದ್ಯುತ್ ಸ್ಥಾವರಗಳ ಪತ್ರಿಕಾ ಅಧಿಕಾರಿಯಾಗಿದ್ದಾಗ ರಾತ್ರಿ ಹೊತ್ತು ದಿನಕ್ಕೆ 400 ಪದ ಅಂತ ಲೆಕ್ಕ ಇಟ್ಟು ಬರೀತಿದ್ರು. ಬ್ರಾಂಡನ್ ಸ್ಯಾಂಡರ್ಸನ್ ಹೋಟೆಲ್ ಒಂದರಲ್ಲಿ ರಾತ್ರಿ ಪಾಳಿಯ ಕೆಲಸಕ್ಕಿದ್ದರು. ಗಿರಾಕಿಗಳು ಮಲಗಿದ ಮೇಲೆ ಕೌಂಟರಿನಲ್ಲೇ ಬರವಣಿಗೆ. ಅವರ ಮೊದಲ ಪುಸ್ತಕ ಅಚ್ಚಾಗಿದ್ದು 2005ರಲ್ಲಿ. ಅಷ್ಟರೊಳಗೆ ಹತ್ತಕ್ಕೂ ಹೆಚ್ಚು ಕಾದಂಬರಿ ಬರೆದು ಇಟ್ಟಿದ್ರು.

ಲೆಕ್ಕ ಹಾಕಿ ನೋಡಿ. ದಿನಕ್ಕೆ 300 ಪದ, ವರ್ಷಕ್ಕೆ 300 ದಿನ ಅಂದ್ರೆ 90,000 ಪದ. ಹ್ಯೂಗೋ ನಿಯಮದ ಪ್ರಕಾರ 40,000 ಪದ ಇದ್ದರೆ ಕಾದಂಬರಿ. ರಾತ್ರಿ ಒಂದು ಗಂಟೆ ಸಿಕ್ಕಿದರೆ ತೆಕ್ಕಟ್ಟೆಯ ಹುಡುಗಿಗೂ ಆಗದ ಕೆಲಸ ಅಲ್ಲ.

ಎನ್. ಕೆ. ಜೆಮಿಸಿನ್ ಅವರ ಕಥೆಯನ್ನೂ ಹೇಳಬೇಕು. ಅವರು ಕೌನ್ಸೆಲಿಂಗ್ ಕೆಲಸ ಮಾಡ್ತಾ ಫ್ಯಾಂಟಸಿ ಬರೀತಿದ್ರು. 2016ರಲ್ಲಿ, ತಿಂಗಳಿಗೆ ಇಷ್ಟು ಅಂತ ಸಣ್ಣ ಮೊತ್ತ ಕೊಡಿ ಅಂತ ಇಂಟರ್‌ನೆಟ್‌ನಲ್ಲಿ ಓದುಗರನ್ನು ಕೇಳಿದ್ರು. ಓದುಗರು ಕೊಟ್ಟರು, ಅವರು ಕೆಲಸ ಬಿಟ್ಟರು. 2016, 2017, 2018, ಸತತ ಮೂರು ವರ್ಷ ಅತ್ಯುತ್ತಮ ಕಾದಂಬರಿಯ ಹ್ಯೂಗೋ ಅವರಿಗೇ ಬಂತು. ಬರೆಯೋದಕ್ಕೆ ಹಗಲು ಸಿಕ್ಕಿದ್ದು ಓದುಗರ ದುಡ್ಡಿನಿಂದ, ರಾಕೆಟ್ ಬಂದದ್ದು ಓದುಗರ ಮತದಿಂದ.

ನಮ್ಮಲ್ಲಿ ಕಲ್ಪನೆಗೆ ಬರವಾ?

ಖಂಡಿತ ಇಲ್ಲ. ತೆಕ್ಕಟ್ಟೆಯಿಂದ ಹೆದ್ದಾರಿಯಲ್ಲಿ ಸ್ವಲ್ಪ ದಕ್ಷಿಣಕ್ಕೆ ಹೋದರೆ ಕೋಟ. 1902ರಲ್ಲಿ ಶಿವರಾಮ ಕಾರಂತರು ಹುಟ್ಟಿದ ಊರು. ಅವರ 'ಮೂಕಜ್ಜಿಯ ಕನಸುಗಳು' ಬಂದದ್ದು 1968ರಲ್ಲಿ. ಮೂಡೂರಿನ ಒಬ್ಬ ಅಜ್ಜಿ, ಬಾಲ್ಯದಲ್ಲೇ ವಿಧವೆಯಾದವಳು. ಒಂದು ವಸ್ತುವನ್ನು ಕೈಯಲ್ಲಿ ಹಿಡಿದರೆ ಅದರ ಹಿಂದಿನ ಕಾಲ ಅವಳಿಗೆ ಕಾಣುತ್ತೆ. ಇದೇ ಪುಸ್ತಕ ಇಂಗ್ಲಿಷಿನಲ್ಲಿ ಹೊಸಬರೊಬ್ಬರು ಬರೆದದ್ದಾಗಿದ್ದರೆ ಅಂಗಡಿಯವರು ಅದನ್ನು ಫ್ಯಾಂಟಸಿ ಕಪಾಟಿನಲ್ಲಿ ಇಟ್ಟರೂ ಆಶ್ಚರ್ಯ ಇಲ್ಲ. ಕಾರಂತರಿಗೆ 1977ರ ಜ್ಞಾನಪೀಠ ಬಂದದ್ದು ಈ ಕೃತಿಗೆ. ಚಂದ್ರಶೇಖರ ಕಂಬಾರರ 'ಸಿರಿಸಂಪಿಗೆ' ನಾಟಕ ಜನಪದದ ಮಾಯಾಲೋಕದ್ದು. ಅದಕ್ಕೆ 1991ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಅಂದ್ರೆ ಪುರಾಣದ, ಜನಪದದ, ಚರಿತ್ರೆಯ ಬೆಂಬಲ ಇದ್ದಾಗ ನಮ್ಮ ಪ್ರಶಸ್ತಿಗಳು ಅದ್ಭುತವನ್ನು ಒಪ್ಪಿಕೊಂಡಿವೆ. ಕಷ್ಟ ಬರೋದು ಹೊಸದಾಗಿ ಲೋಕ ಕಟ್ಟುವವರಿಗೆ. ಕೇಂದ್ರ ಅಕಾಡೆಮಿಯ ಮುಖ್ಯ ಪ್ರಶಸ್ತಿ ಕನ್ನಡಕ್ಕೆ ವರ್ಷಕ್ಕೆ ಒಂದೇ. ಮಕ್ಕಳ ಸಾಹಿತ್ಯಕ್ಕೆ, ಯುವ ಲೇಖಕರಿಗೆ ಬೇರೆ ಪುರಸ್ಕಾರ ಇವೆ. ರಾಜ್ಯ ಅಕಾಡೆಮಿ ಕಾದಂಬರಿ, ಸಣ್ಣಕಥೆ, ವಿಜ್ಞಾನ ಸಾಹಿತ್ಯ ಹೀಗೆ ಪ್ರಕಾರದ ಮೇಲೆ ಬಹುಮಾನ ಕೊಡುತ್ತೆ. ಫ್ಯಾಂಟಸಿಗೆ ಅಂತ ಪ್ರತ್ಯೇಕ ಜಾಗ ಇಲ್ಲ. ಹಾಗಾಗಿ ಮಾಯಾಲೋಕದ ಕಾದಂಬರಿ ಸಾಮಾಜಿಕ ಕಾದಂಬರಿಗಳ ಜೊತೆ ಒಂದೇ ರಾಶಿಯಲ್ಲಿ ಕೂರಬೇಕು.

ಮೇಳದ ಲೆಕ್ಕ

ಆದರೆ ಓದುಗರ ತೀರ್ಪು, ಅಂದ್ರೆ ನೋಡುವವರ ತೀರ್ಪು, ಈ ಸೀಮೆಗೆ ಹೊಸದಲ್ಲ. ಸಾಲಿಗ್ರಾಮ, ಪೆರ್ಡೂರಿನಂಥ ಡೇರೆ ಮೇಳಗಳು ತಿರುಗಾಟಕ್ಕೆ ಹೊರಡುವಾಗ ಹೊಸ ಪ್ರಸಂಗ ಬರೆಸುತ್ತವೆ. ಅದರಲ್ಲಿ ಎಷ್ಟೋ ಪೂರ್ತಿ ಕಾಲ್ಪನಿಕ: ಎಲ್ಲೂ ಇಲ್ಲದ ರಾಜ, ಶಾಪ, ನಾಗಕನ್ಯೆ, ಮಂತ್ರವಾದಿ. ಪ್ರಸಂಗಕರ್ತರು ಹೊಸ ಲೋಕ ಕಟ್ಟಿ ಅದನ್ನು ಪದ್ಯಕ್ಕೆ ಇಳಿಸ್ತಾರೆ. ಸರಿಯಾಗಿ ನೋಡಿದ್ರೆ ಕುಂದಾಪುರ ಸೀಮೆಯ ಫ್ಯಾಂಟಸಿ ಬರಹಗಾರರು ಇವರೇ.

ತೀರ್ಪು ಬರೋದು ಡೇರೆಯಲ್ಲಿ. ಜನ ಬಂದರೆ ಆಟ ಮುಂದುವರಿಯುತ್ತೆ. ಬರದಿದ್ದರೆ ಮೇಳದವರು ಹಳೇ ಪ್ರಸಂಗಕ್ಕೆ ಹೋಗ್ತಾರೆ. ಇದರಲ್ಲಿ ತೊಂದರೆಯೂ ಇದೆ. ಚಪ್ಪಾಳೆಗೆ ಬೇಕಾದ್ದನ್ನೇ ಬರೆಯುವ ಒತ್ತಡ ಬರುತ್ತೆ. ಹ್ಯೂಗೋ ಬಗ್ಗೆಯೂ ಜನಪ್ರಿಯತೆಯೇ ಗೆಲ್ಲುತ್ತೆ ಅನ್ನುವ ದೂರು ಇದೆ. ಆದರೂ ಪ್ರಸಂಗಕರ್ತನಿಗೆ ಒಂದು ಉತ್ತರವಂತೂ ಸಿಗುತ್ತೆ. ರಾತ್ರಿ ಕೂತು ಕಾದಂಬರಿ ಬರೆದ ಹುಡುಗಿಗೆ ಎಷ್ಟೋ ಸಲ ಅದೂ ಸಿಗಲ್ಲ. ಪುಸ್ತಕ ಚೆನ್ನಾಗಿಲ್ಲ ಅಂತ ಯಾರಾದ್ರೂ ಹೇಳಿದ್ರೆ ತಿದ್ದಬಹುದು. ಯಾರೂ ಏನೂ ಹೇಳದಿದ್ರೆ ಎರಡನೇ ಪುಸ್ತಕ ಬರೆಯೋದು ಕಷ್ಟ.

ಅನುವಾದದ ಬಾಗಿಲು

ಹೊರಗೆ ಹೋಗೋಕೆ ಒಂದು ದಾರಿ ಇದೆ. ಬೇರೆ ಭಾಷೆಯಲ್ಲಿ ಬಂದ ಕೃತಿ, ಇಂಗ್ಲಿಷಿಗೆ ಮೊದಲ ಸಲ ಅನುವಾದವಾದ ವರ್ಷವೂ ಹ್ಯೂಗೋಗೆ ಅರ್ಹ. 2015ರಲ್ಲಿ ಚೀನಾದ ಲಿಯು ಸಿಶಿನ್ ಅವರ ವೈಜ್ಞಾನಿಕ ಕಾದಂಬರಿ ಗೆದ್ದದ್ದು ಹೀಗೆ, ಕೆನ್ ಲಿಯು ಅನುವಾದದಲ್ಲಿ. ಕನ್ನಡದ ಮಟ್ಟಿಗೆ 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿ ಅವರ ಅನುವಾದದಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದದ್ದು ನಮಗೆಲ್ಲ ಗೊತ್ತೇ ಇದೆ. ಆದರೆ ಅನುವಾದಕರ ತನಕ ಪುಸ್ತಕ ತಲುಪಬೇಕಾದರೆ ಮೊದಲು ಕನ್ನಡದಲ್ಲೇ ಯಾರಾದರೂ ಅದರ ಬಗ್ಗೆ ಮಾತಾಡಿರಬೇಕು.

ಆ ಮಾತು ಶುರು ಮಾಡೋಕೆ ಅಕಾಡೆಮಿ ಬೇಕಂತಿಲ್ಲ. ಹ್ಯೂಗೋ ಶುರು ಮಾಡಿದವರೂ ಓದುವ ಹುಚ್ಚಿದ್ದ ಅಭಿಮಾನಿಗಳೇ. ಒಂದು ಗ್ರಂಥಾಲಯ, ಇಪ್ಪತ್ತು ಓದುಗರು, ವರ್ಷಕ್ಕೊಮ್ಮೆ ಒಂದು ಮತದಾನ, ಗೆದ್ದ ಪುಸ್ತಕದ ಹತ್ತು ಪ್ರತಿ ಖರೀದಿ. ಇಷ್ಟನ್ನು ಯಾವ ಊರಿನವರೂ ಮಾಡಬಹುದು. ನಿಮ್ಮೂರಲ್ಲಿ ಇಂಥ ಕಥೆ ಬರೆಯೋರು ಇದ್ದರೆ ಓದಿ, ಓದಿದ್ದು ಹ್ಯಾಗಿದೆ ಅಂತ ಅವರಿಗೆ ಹೇಳಿ.