ಬಸ್ಸಿನ ಜೋಡಿ ಬರುವ ಚಂದಪ್ಪ

ಮಾನ್ವಿಯಿಂದ ಕಲ್ಮಲಕ್ಕೆ ಮರಳುವ ಸಂಜೆಯ ಬಸ್ಸು. ಐದು ವರ್ಷದ ಮಗಳಿಗೆ ಬಲಗಡೆಯ ಕಿಟಕಿಯೇ ಬೇಕು. ಹಿಂದಿನ ದಿನವಷ್ಟೇ ಹುಣ್ಣಿಮೆ. ಭತ್ತದ ಗದ್ದೆಗಳಾಚೆ ಚಂದ್ರ ಆಗಲೇ ಒಂದು ಮಾರು ಮೇಲೇರಿದ್ದ.

‘ಅಪ್ಪಾ, ಚಂದಪ್ಪ ನಮ್ ಜೋಡಿ ಯಾಕ ಬರ್ಲಿಕತ್ತಾನ?’

ನನ್ನ ತೊಡೆಯ ಮೇಲೆ ನಿದ್ದೆಹೋದ ಕೂಸು, ಕಾಲಬುಡದಲ್ಲಿ ಎರಡು ಚೀಲ. ‘ನಿನ್ನ ಮನೀತನ ಬಿಟ್ಟು ಹೋಗ್ಲಿಕ್ಕ’ ಎಂದೆ. ದಣಿದ ಅಪ್ಪಂದಿರು ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಆಕೆ ಬಿಡಲಿಲ್ಲ. ‘ಹಂಗಾರ ಗಿಡ ಯಾಕ ಬರವಲ್ವು?’

ಇಡೀ ವಿಷಯ ಈ ಎರಡನೆಯ ಪ್ರಶ್ನೆಯಲ್ಲೇ ಇದೆ. ರಸ್ತೆ ಪಕ್ಕದ ಜಾಲಿ ಗಿಡ ಹತ್ತಾರು ಅಡಿ ದೂರದಲ್ಲಿರುತ್ತದೆ. ಬಸ್ಸು ನಾಲ್ಕು ಮಾರು ಮುಂದೆ ಹೋದರೆ ಸಾಕು, ಅದನ್ನು ನೋಡಲು ಕತ್ತು ಹಿಂದಕ್ಕೆ ತಿರುಗಿಸಬೇಕು. ದೂರದ ಗುಡ್ಡ ನಿಧಾನವಾಗಿ ಹಿಂದುಳಿಯುತ್ತದೆ. ಚಂದ್ರನೋ ಸರಾಸರಿ 3,84,400 ಕಿ.ಮೀ. ಆಚೆಗಿದ್ದಾನೆ. ಅವನ ಅಡ್ಡಳತೆಯೇ 3,474 ಕಿ.ಮೀ. ನಾವು ಪಕ್ಕಕ್ಕೆ 15 ಕಿ.ಮೀ. ಸರಿದರೂ ಅವನು ತನ್ನ ಅಗಲದ ಇನ್ನೂರರಲ್ಲಿ ಒಂದು ಪಾಲಿನಷ್ಟೂ ಜರುಗಿದಂತೆ ಕಾಣುವುದಿಲ್ಲ. ಕಣ್ಣಿಗೆ ಆ ದೂರದ ಅಂದಾಜು ಸಿಗದು. ಕರೆಂಟ್ ಕಂಬದ ಹಾಗೆ ಹಿಂದೆ ಬೀಳಬೇಕಾದವನು ಬೀಳಲಿಲ್ಲ ಎಂದರೆ ಜೋಡಿ ಬರುತ್ತಿದ್ದಾನೆ ಎಂದೇ ಮಿದುಳಿನ ತೀರ್ಮಾನ. ದೊಡ್ಡವರ ಕಣ್ಣಿಗೂ ಹಾಗೇ ಕಾಣುತ್ತದೆ. ನಾವು ಕೇಳುವುದನ್ನು ಬಿಟ್ಟಿದ್ದೇವೆ, ಅಷ್ಟೇ.

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜಾನ್ ಪಿಯಾಜೆ ಇದನ್ನು ಮಕ್ಕಳನ್ನೇ ಕೇಳಿದ್ದ. 1926ರಲ್ಲಿ ಬಂದ ಅವನ ಪುಸ್ತಕದಲ್ಲಿ, ಚಂದ್ರ ತಮ್ಮ ಹಿಂದೆಯೇ ಬರುತ್ತಾನೆಂದು ನಂಬಿದ ಮಕ್ಕಳಿದ್ದಾರೆ. ಇಬ್ಬರು ಎದುರುಬದುರು ದಿಕ್ಕಿಗೆ ಹೊರಟರೆ ಚಂದ್ರ ಯಾರ ಜೊತೆ ಹೋಗುತ್ತಾನೆ ಎಂಬುದು ಅವನು ಹಾಕುತ್ತಿದ್ದ ಪೇಚು. ಇದಕ್ಕೆ ಕಲ್ಮಲ ಹೇಳಿ ಮಾಡಿಸಿದ ಜಾಗ: ಇಲ್ಲಿ ರಸ್ತೆ ಕವಲೊಡೆದು ಒಂದು ಮಾನ್ವಿಗೆ, ಇನ್ನೊಂದು ಲಿಂಗಸುಗೂರಿಗೆ ಹೋಗುತ್ತದೆ. ಎರಡೂ ಬಸ್ಸಿನ ಮಕ್ಕಳು ಚಂದಪ್ಪ ತಮ್ಮ ಜೋಡಿಯೇ ಬಂದನೆಂದು ಆಣೆ ಮಾಡಬಲ್ಲರು.

ನೋಡುವ ಜಾಗ ಬದಲಾದರೆ ವಸ್ತುವೂ ಜರುಗಿದಂತೆ ಕಾಣುವುದಕ್ಕೆ ಪ್ಯಾರಲ್ಯಾಕ್ಸ್ ಎಂದು ಹೆಸರು. ಸೂರ್ಯಗ್ರಹಣ ಲೆಕ್ಕ ಹಾಕುವ ನಮ್ಮ ಜ್ಯೋತಿರ್ಗಣಿತದವರಿಗೆ ಅದು ‘ಲಂಬನ’. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಕ್ ಖಗೋಳಜ್ಞ ಹಿಪ್ಪಾರ್ಕಸ್ ಬಳಸಿದ್ದು ಇದನ್ನೇ. ಈಗಿನ ತುರ್ಕಿಯ ಹೆಲೆಸ್ಪಾಂಟ್ ಸುತ್ತ ಸೂರ್ಯ ಪೂರ್ತಿ ಮುಚ್ಚಿದ್ದಾಗ ಅಲೆಕ್ಸಾಂಡ್ರಿಯಾದಲ್ಲಿ ಐದರಲ್ಲೊಂದು ಪಾಲು ಉಳಿದಿತ್ತು. ಆ ಒಂದು ವ್ಯತ್ಯಾಸದಿಂದ ಅವನು ಚಂದ್ರನ ದೂರ ಲೆಕ್ಕ ಹಾಕಿದ. ಬಸ್ಸಿನ ಓಟ ಸಾಲದು, ಸಮುದ್ರ ದಾಟಿದರೆ ಚಂದ್ರನೂ ಜರುಗುತ್ತಾನೆ.

ಕಲ್ಮಲದಲ್ಲಿ ಇಳಿದಾಗ ಮಗಳು ಮೊದಲು ಮೇಲೆ ನೋಡಿದಳು. ‘ಅವನೂ ಇಳದಾನ’ ಎಂದಳು. ತಿದ್ದಲಿಲ್ಲ; ಕೂಸು ಎದ್ದು ಅಳತೊಡಗಿತ್ತು.

ಚಂದ್ರ ನಿಜಕ್ಕೂ ನಮ್ಮಿಂದ ದೂರ ಸರಿಯುತ್ತಿದ್ದಾನೆ. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಅಲ್ಲಿಟ್ಟು ಬಂದ ಪ್ರತಿಫಲಕಕ್ಕೆ ಇಲ್ಲಿಂದ ಲೇಸರ್ ಬಿಟ್ಟರೆ ಬೆಳಕು ಸುಮಾರು ಎರಡೂವರೆ ಸೆಕೆಂಡಿನಲ್ಲಿ ಮರಳುತ್ತದೆ. ಇಂಥ ಅಳತೆಗಳ ಪ್ರಕಾರ ಅವನು ವರ್ಷಕ್ಕೆ 3.8 ಸೆಂ.ಮೀ. ಆಚೆ ಹೋಗುತ್ತಾನೆ. ಐದು ವರ್ಷದ ಮಗು ವರ್ಷಕ್ಕೆ ಸುಮಾರು 6 ಸೆಂ.ಮೀ. ಬೆಳೆಯುತ್ತದೆ.